ಕಾಯಿಲೆ ನಿಜ, ಆದರೆ ಅದು ಕೆಲಸದಿಂದಲೇ ಬಂತಾ?

ಪ್ಯಾಕಿಂಗ್ ಲೈನಿನಲ್ಲಿ ಒಂಬತ್ತು ವರ್ಷ ದುಡಿದ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಬಲಗೈ ಬೆರಳುಗಳು ಜೋಮು ಹಿಡಿಯುತ್ತವೆ. ರಾತ್ರಿ ಎದ್ದು ಕೈ ಕೊಡವಿಕೊಂಡು ಮತ್ತೆ ಮಲಗಬೇಕು. ಕೊನೆಗೊಂದು ದಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಹೊರಗೆ ಜನ ಕಾಯುತ್ತಿದ್ದಾರೆ, ಡಾಕ್ಟರಿಗೆ ಅವಸರ. ಮಾತ್ರೆ ಬರೆದು ಚೀಟಿಯ ಮೇಲೆ ಒಂದು ಸಾಲು ಗೀಚುತ್ತಾರೆ: "ಬಲಗೈ ನೋವು, ಜೋಮು. ಎರಡು ತಿಂಗಳಿಂದ." ಅಷ್ಟೇ.

ವರ್ಷ ಕಳೆದು ಆಪರೇಷನ್ನೇ ಬೇಕು ಅಂತಾದಾಗ ಅವರು ಕಾರ್ಮಿಕ ಪರಿಹಾರಕ್ಕೆ ಅರ್ಜಿ ಹಾಕುತ್ತಾರೆ. ಮಾಲೀಕರ ಪರವಾಗಿ ಆ ಹಣ ಕೊಡಬೇಕಾದ ವಿಮೆ ಕಂಪನಿಯ ಕಡೆಯವರು ಆ ಹಳೇ ಚೀಟಿಯನ್ನು ಮುಂದಿಡುತ್ತಾರೆ. ಇದರಲ್ಲಿ ಕೆಲಸದ ಮಾತೇ ಇಲ್ಲವಲ್ಲ? ನಿಮಗೆ ಸಕ್ಕರೆ ಕಾಯಿಲೆ ಇದೆ, ಮಣಿಕಟ್ಟಿನ ನರ ಒತ್ತಿಹೋಗುವ ಈ ತೊಂದರೆ ಅದರಿಂದಲೂ ಬರುತ್ತದೆ ಅಲ್ವಾ? ಥೈರಾಯ್ಡ್ ಇದ್ದರೂ ಬರುತ್ತದೆ ಅಲ್ವಾ? ಅವರು ಹೇಳುವುದು ಸುಳ್ಳೂ ಅಲ್ಲ.

ಕಾಯಿಲೆ ಇಲ್ಲ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ನರದ ಪರೀಕ್ಷೆಯ ರಿಪೋರ್ಟ್ ಮೇಜಿನ ಮೇಲೇ ಇದೆ. ಜಗಳವೆಲ್ಲ ಒಂದೇ ಪ್ರಶ್ನೆಗೆ: ಇದು ಕೆಲಸದಿಂದ ಬಂತಾ? ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಅರ್ಜಿಯಲ್ಲಿ ದೇಹದ ಬಗ್ಗೆ ಎಷ್ಟು ರಿಪೋರ್ಟ್ ಇದ್ದರೂ ಸಾಲದು. ಕೆಲಸದ ಬಗ್ಗೆ ಏನು ಬರೆದಿಟ್ಟಿದ್ದಾರೆ ಎನ್ನುವುದರ ಮೇಲೆ ಅದು ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ. ಆ ಬರಹ ಬಹುಪಾಲು ಮಾಲೀಕರ ಕಪಾಟಿನಲ್ಲಿರುತ್ತದೆ. ಸಾಬೀತು ಮಾಡುವ ಹೊಣೆ ಮಾತ್ರ ಕಾರ್ಮಿಕರ ಹೆಗಲ ಮೇಲೆ. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ.

ಈ ಪರಿಹಾರದ ವ್ಯವಸ್ಥೆ ಹುಟ್ಟಿದ್ದೇ ಅಪಘಾತಗಳಿಗಾಗಿ. ಜರ್ಮನಿ 1884ರಲ್ಲಿ ಅಪಘಾತ ವಿಮೆಯ ಕಾನೂನು ತಂದಿತು. ಬ್ರಿಟನ್ 1897ರಲ್ಲಿ ತಂದಿತು. ಒಪ್ಪಂದ ಸರಳವಾಗಿತ್ತು. ತಪ್ಪು ಮಾಲೀಕರದ್ದೋ ಅಲ್ಲವೋ ಅಂತ ಕಾರ್ಮಿಕರು ತೋರಿಸಬೇಕಿಲ್ಲ, ಗಾಯ ಕೆಲಸದಲ್ಲಿ ಆಯಿತು ಅಂತ ತೋರಿಸಿದರೆ ಸಾಕು. ಬೆರಳು ಯಂತ್ರಕ್ಕೆ ಸಿಕ್ಕಿದರೆ ಅದಕ್ಕೊಂದು ದಿನ ಇದೆ, ಗಂಟೆ ಇದೆ, ಪಕ್ಕದಲ್ಲಿ ನಿಂತು ನೋಡಿದವರಿದ್ದಾರೆ. ಕಾಯಿಲೆಗೆ ಇದು ಯಾವುದೂ ಇಲ್ಲ. ಅದು ಎಂದು ಶುರುವಾಯಿತು ಅಂತ ಕಾಯಿಲೆ ಬಂದವರಿಗೇ ಗೊತ್ತಿರುವುದಿಲ್ಲ.

ಆದರೂ ಜೀವ ಜಾಸ್ತಿ ತೆಗೆಯುವುದು ಕಾಯಿಲೆಯೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜನ್ನು ನೋಡಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಕೆಲಸಕ್ಕೆ ಸಂಬಂಧಪಟ್ಟ ಕಾಯಿಲೆಗಳಿಂದ ಸಾಯುತ್ತಾರೆ. ಕೆಲಸದ ಅಪಘಾತಗಳಲ್ಲಿ ಸಾಯುವವರು ಸುಮಾರು 3 ಲಕ್ಷ 30 ಸಾವಿರ. ಎಂಟು ಪಟ್ಟು ದೊಡ್ಡದಾದ ಸಂಕಟವನ್ನು ಅಪಘಾತಕ್ಕೆಂದು ಹೊಲಿದ ಅಂಗಿಯೊಳಗೆ ತುರುಕುತ್ತಿದ್ದೇವೆ.

ಕೆಲಸಕ್ಕೂ ಕಾಯಿಲೆಗೂ ನಂಟಿದೆ ಅನ್ನುವುದು ಹೊಸ ತಿಳಿವಳಿಕೆಯಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝೀನಿ ಮೊಡೆನಾ ಊರಿನಲ್ಲಿದ್ದಾಗ ಒಂದು ದಿನ ಅವರ ಮನೆಯ ಮಲದ ಗುಂಡಿ ತೆಗೆಯಲು ಒಬ್ಬ ಆಳು ಬಂದಿದ್ದ. ಆತ ವಿಪರೀತ ಅವಸರದಲ್ಲಿ ಕೆಲಸ ಮಾಡುತ್ತಿದ್ದ. ಯಾಕಪ್ಪಾ ಇಷ್ಟು ಅವಸರ ಅಂತ ಕೇಳಿದರು. ಇದರೊಳಗೆ ಜಾಸ್ತಿ ಹೊತ್ತು ಇದ್ದರೆ ಕಣ್ಣೇ ಹೋಗುತ್ತದೆ ಎಂಬ ಅರ್ಥದ ಉತ್ತರ ಬಂತು. ನೋಡಿದರೆ ಅವನ ಕಣ್ಣು ಕೆಂಪಾಗಿ ಮಂಜಾಗಿತ್ತು. 1700ರಲ್ಲಿ ರಾಮಾಝೀನಿ ಕಸುಬುಗಳ ಕಾಯಿಲೆಗಳ ಮೇಲೆ ಒಂದು ಪುಸ್ತಕವನ್ನೇ ತಂದರು. ರೋಗಿಯ ಮನೆಗೆ ಹೋದ ವೈದ್ಯ ಮೂರು ಕಾಲಿನ ಮಣೆ ಸಿಕ್ಕಿದರೂ ಸರಿ, ಕೂತು ಮಾತಾಡಬೇಕು ಅಂದರು. ಹಳೆಯ ವೈದ್ಯರು ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು ಅಂದರು: ನೀನು ಏನು ಕೆಲಸ ಮಾಡುತ್ತೀಯ?

ಆ ಒಂದು ಪ್ರಶ್ನೆಯನ್ನು ಕೇಳಿದ್ದರೆ, ಅದರ ಉತ್ತರವನ್ನು ಬರೆದಿದ್ದರೆ, ಪ್ಯಾಕಿಂಗ್ ಲೈನಿನ ಹೆಂಗಸಿನ ಚೀಟಿಯೇ ಬೇರೆ ಇರುತ್ತಿತ್ತು. "ದಿನಕ್ಕೆ ಎಂಟು ಗಂಟೆ ಪೆಟ್ಟಿಗೆ ಮಡಚಿ ಟೇಪ್ ಹಾಕುವ ಕೆಲಸ. ಬಲಗೈ ಮಣಿಕಟ್ಟು ಬಗ್ಗಿಸಿ ಒತ್ತಿ ಹಿಡಿಯಬೇಕು. ವಾರದ ರಜೆಯಲ್ಲಿ ಜೋಮು ಕಡಿಮೆ, ಕೆಲಸಕ್ಕೆ ಹೋದ ಮಾರನೇ ದಿನ ಜಾಸ್ತಿ." ಮೂರು ಸಾಲು. ಬರೆಯಲು ಒಂದು ನಿಮಿಷ ಬೇಕು. ಸಕ್ಕರೆ ಕಾಯಿಲೆಯ ವಾದಕ್ಕೆ ಅಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ಅದಕ್ಕೇ ಮೊದಲ ಸಲ ಡಾಕ್ಟರ ಹತ್ತಿರ ಹೋದಾಗಲೇ ಕೆಲಸದ ಮಾತು ಎತ್ತಬೇಕು. ಅವರು ಕೇಳದಿದ್ದರೂ ಹೇಳಬೇಕು. ಬರೆದುಕೊಳ್ಳಿ ಅಂತ ಕೇಳಿಕೊಳ್ಳಬೇಕು. ಕಾಯಿಲೆ ಶುರುವಾದಾಗ ಬರೆದದ್ದಕ್ಕೆ ಇರುವ ತೂಕ, ಅರ್ಜಿ ಹಾಕಿದ ಮೇಲೆ ಬರೆಸಿದ್ದಕ್ಕೆ ಇರುವುದಿಲ್ಲ.

ಈಗ ಸಾಬೀತು ಅಂದರೆ ಏನು ಅಂತ ನೋಡೋಣ. ಇಲ್ಲಿ ತುಂಬ ಜನ ಸುಮ್ನೆ ಹೆದರುತ್ತಾರೆ. ಕೊಲೆ ಮೊಕದ್ದಮೆಯಲ್ಲಿ ಬೇಕಾದಷ್ಟು ಖಚಿತವಾದ ಸಾಕ್ಷಿ ಇಲ್ಲಿ ಬೇಕಿಲ್ಲ. ಹೆಚ್ಚಿನ ಕಡೆ ಕಾನೂನು ಕೇಳುವುದು ಇಷ್ಟೇ: ಕೆಲಸದಿಂದ ಬಂದಿರುವ ಸಾಧ್ಯತೆ, ಬಂದಿಲ್ಲದ ಸಾಧ್ಯತೆಗಿಂತ ಜಾಸ್ತಿ ಇದೆಯಾ? ತಕ್ಕಡಿ ಸ್ವಲ್ಪ ಈ ಕಡೆ ವಾಲಿದರೂ ಸಾಕು. ಕೆಲಸವೊಂದೇ ಕಾರಣ ಆಗಿರಬೇಕು ಅಂತಲೂ ಬಹಳಷ್ಟು ಕಾನೂನುಗಳು ಕೇಳುವುದಿಲ್ಲ. ಗಣನೀಯವಾದ ಒಂದು ಕಾರಣ ಆಗಿದ್ದರೆ ಸಾಕು. ಎಷ್ಟು ಗಣನೀಯ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಅದನ್ನು ನಿಮ್ಮ ಕಡೆಯ ವಕೀಲರನ್ನೇ ಕೇಳಬೇಕು.

ಇಷ್ಟು ಸಣ್ಣ ಮೆಟ್ಟಿಲನ್ನೂ ಹತ್ತಲಾಗದೆ ಅರ್ಜಿಗಳು ಬೀಳುತ್ತವೆ. ಅದಕ್ಕೆ ಒಂದು ಕಾರಣ ವೈದ್ಯರ ಪತ್ರದಲ್ಲಿ ಬರುವ ಒಂದು ಪ್ರತ್ಯಯ. "ಈ ಕಾಯಿಲೆ ಕೆಲಸದಿಂದ ಬಂದಿರಬಹುದು" ಅಂತ ಡಾಕ್ಟರು ಬರೆಯುತ್ತಾರೆ. ಅವರ ಮಟ್ಟಿಗೆ ಅದು ಪ್ರಾಮಾಣಿಕವಾದ ಎಚ್ಚರಿಕೆ. ವಿಜ್ಞಾನ ಓದಿದವರು ಹಾಗೆಯೇ ಬರೆಯುವುದು. ತೀರ್ಪು ಕೊಡುವವರಿಗೆ ಮಾತ್ರ ಆ "ಬಹುದು" ಏನನ್ನೂ ಹೇಳುವುದಿಲ್ಲ. ಬಂದಿರಬಹುದು ಅಂದರೆ ಬಂದಿಲ್ಲದೆಯೂ ಇರಬಹುದು. ತಕ್ಕಡಿ ಅಲುಗಾಡಲೇ ಇಲ್ಲ. ಅದೇ ವೈದ್ಯರು, ಅದೇ ತಿಳಿವಳಿಕೆಯಿಂದ, "ಕೆಲಸದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಅಂತ ನನ್ನ ಅಭಿಪ್ರಾಯ, ಕಾರಣ ಹೀಗಿದೆ" ಅಂತ ಬರೆದರೆ ತಕ್ಕಡಿ ವಾಲುತ್ತದೆ. ಡಾಕ್ಟರಿಂದ ಸುಳ್ಳು ಬರೆಸಿ ಅಂತ ನಾನು ಹೇಳುತ್ತಿಲ್ಲ. ಕಾನೂನು ಯಾವ ಪ್ರಶ್ನೆ ಕೇಳುತ್ತಿದೆ ಅಂತ ಡಾಕ್ಟರಿಗೆ ಯಾರಾದರೂ ತಿಳಿಸಬೇಕು, ಅಷ್ಟೇ.

"ಕಾರಣ ಹೀಗಿದೆ" ಅನ್ನುವ ಭಾಗ ಇನ್ನೂ ಮುಖ್ಯ. ಬರೀ ತೀರ್ಮಾನ ಬರೆದ ಪತ್ರಕ್ಕೆ ಬೆಲೆ ಕಡಿಮೆ. ಯಾವ ಕಾಯಿಲೆ, ಕೆಲಸದಲ್ಲಿ ದೇಹಕ್ಕೆ ತಗುಲಿದ್ದು ಏನು, ಎಷ್ಟು ಹೊತ್ತು, ಎಷ್ಟು ವರ್ಷ, ಅದು ಈ ಕಾಯಿಲೆಯನ್ನು ಹೇಗೆ ತರುತ್ತದೆ, ಬೇರೆ ಕಾರಣಗಳನ್ನು ಪರಿಶೀಲಿಸಿ ಯಾಕೆ ಬದಿಗಿಟ್ಟೆ ಅನ್ನುವುದೆಲ್ಲ ಅದರಲ್ಲಿ ಇರಬೇಕು. ಕೊನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ಎದುರು ಕಡೆಯವರು ಹಿಡಿದುಕೊಳ್ಳುವುದೂ ಅದನ್ನೇ. ಸಕ್ಕರೆ ಕಾಯಿಲೆ ಇದ್ದರೆ ಇದೆ ಅಂತಲೇ ಬರೆಯಬೇಕು. ಮುಚ್ಚಿಟ್ಟದ್ದು ಆಮೇಲೆ ಹೊರಬಂದರೆ ಪತ್ರದ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಕೆಲವು ಕಾಯಿಲೆಗಳು ತಮ್ಮ ಗುರುತನ್ನು ತಾವೇ ಬಿಟ್ಟುಹೋಗುತ್ತವೆ. ಸದ್ದಿನಿಂದ ಕಿವಿ ಮಂದವಾದರೆ ಶ್ರವಣ ಪರೀಕ್ಷೆಯ ಗೆರೆ 4000 ಹರ್ಟ್ಸ್ ಸುತ್ತಮುತ್ತ ಕುಳಿ ಬಿದ್ದಂತೆ ಇಳಿದು, 8000ದ ಹೊತ್ತಿಗೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನಿಂದ ಬಂದ ಕಿವುಡಿನಲ್ಲಿ ಗೆರೆ ಇಳಿಜಾರಿನ ಹಾಗೆ ಇಳಿಯುತ್ತಲೇ ಹೋಗುತ್ತದೆ. ಎರಡೂ ಸೇರಿಕೊಂಡರೆ ಕುಳಿ ಅಳಿಸಿಹೋಗುತ್ತದೆ. ಅದಕ್ಕೇ ನಲವತ್ತರಲ್ಲಿ ಮಾಡಿಸಿದ ಪರೀಕ್ಷೆಯ ಕಾಗದ ಅರವತ್ತರಲ್ಲಿ ಚಿನ್ನದಷ್ಟು ಬೆಲೆ ಬಾಳುತ್ತದೆ.

ಅಸ್ತಮಾದ ವಿಷಯದಲ್ಲಿ ಸಾಕ್ಷಿಯನ್ನು ಕಾರ್ಮಿಕರೇ ತಮ್ಮ ಕೈಯಾರೆ ಬರೆದುಕೊಳ್ಳಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ದಾರಿ ಇದೆ ಅಂತಲೇ ತುಂಬ ಜನಕ್ಕೆ ಗೊತ್ತಿಲ್ಲ. ಬೇಕರಿಯಲ್ಲಿ ಹಿಟ್ಟು ಕಲಸುವವರಿಗೆ ಹಿಟ್ಟಿನ ಧೂಳಿನಿಂದ ಉಬ್ಬಸ ಬರುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಆದರೆ ಅಸ್ತಮಾ ಕೆಲಸವಿಲ್ಲದವರಿಗೂ ಬರುತ್ತದೆ. ಹಾಗಾದರೆ ಇದು ಹಿಟ್ಟಿನಿಂದಲೇ ಬಂದದ್ದು ಅಂತ ತೋರಿಸುವುದು ಹೇಗೆ? ಪೀಕ್ ಫ್ಲೋ ಮೀಟರ್ ಅಂತ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಇದೆ. ಉಸಿರನ್ನು ಪೂರ್ತಿ ಎಳೆದುಕೊಂಡು ಅದರೊಳಗೆ ಜೋರಾಗಿ ಊದಬೇಕು. ಉಸಿರು ಎಷ್ಟು ವೇಗವಾಗಿ ಹೊರಬಂತು ಅಂತ ತೋರಿಸುವ ಒಂದು ಸಂಖ್ಯೆಯ ಮುಂದೆ ಮುಳ್ಳು ಸರಿದು ನಿಲ್ಲುತ್ತದೆ. ಪ್ರತಿ ಸಲ ಮೂರು ಬಾರಿ ಊದಿ, ಮೂರರಲ್ಲಿ ದೊಡ್ಡದನ್ನು ಬರೆದುಕೊಳ್ಳಬೇಕು. ದಿನಕ್ಕೆ ಕಡಿಮೆಯೆಂದರೆ ನಾಲ್ಕು ಸಲ, ಮೂರು ನಾಲ್ಕು ವಾರ. ಕೆಲಸದ ದಿನಗಳೂ ಇರಬೇಕು, ರಜೆಯ ದಿನಗಳೂ ಇರಬೇಕು.

ನೋಟ್‌ಬುಕ್ ಹೀಗೆ ಕಾಣಬಹುದು. ಸೋಮವಾರ ಬೆಳಿಗ್ಗೆ 440. ಮಧ್ಯಾಹ್ನ 400. ಸಂಜೆ 350. ಗುರುವಾರದ ಹೊತ್ತಿಗೆ ಬೆಳಿಗ್ಗೆಯೇ 370. ಎರಡು ದಿನ ರಜೆ ಸಿಕ್ಕಾಗ 410, ಮತ್ತೆ 435. ಇದನ್ನು ಗ್ರಾಫ್ ಮೇಲೆ ಹಾಕಿದರೆ ಕೆಲಸದ ವಾರಗಳೆಲ್ಲ ತಗ್ಗಾಗಿ, ರಜೆಗಳೆಲ್ಲ ದಿಬ್ಬವಾಗಿ ಕಾಣುತ್ತವೆ. ಆ ಗೆರೆಯ ಜೊತೆ ವಾದ ಮಾಡುವುದು ಕಷ್ಟ. ಹಿಟ್ಟಿನ ಅಲರ್ಜಿಯ ಪರೀಕ್ಷೆಯೂ ಅದಕ್ಕೆ ಜೊತೆಯಾದರೆ ಇನ್ನೂ ಗಟ್ಟಿ. ಒಂದು ಎಚ್ಚರಿಕೆ: ಇದನ್ನು ಆ ಕೆಲಸದಲ್ಲಿ ಇರುವಾಗಲೇ ಮಾಡಬೇಕು. ಕೆಲಸ ಬಿಟ್ಟ ಮೇಲೆ ಹೋಲಿಸಿ ನೋಡಲು ಕೆಲಸದ ದಿನವೇ ಉಳಿದಿರುವುದಿಲ್ಲ. ಉಸಿರಾಟದ ತೊಂದರೆ ತೀವ್ರ ಇದ್ದವರು ಡಾಕ್ಟರ ಮಾತು ಕೇಳದೆ ಈ ಸಾಹಸಕ್ಕೆ ಇಳಿಯಬಾರದು.

ಬೆನ್ನುನೋವಿಗೆ ಇಂಥ ಗೆರೆ ಇಲ್ಲ. ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ ಬರುವುದು "ಡಿಸ್ಕ್ ಸವೆತ" ಅಂತ. ಕೂಡಲೇ ಎದುರು ಕಡೆಯಿಂದ ಮಾತು ಬರುತ್ತದೆ: ಇದು ವಯಸ್ಸಿನ ಸವೆತ, ಮೂಟೆ ಹೊತ್ತದ್ದರಿಂದ ಬಂದದ್ದಲ್ಲ. 2015ರಲ್ಲಿ ಬಂದ ಒಂದು ಅಧ್ಯಯನ ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿತ್ತು. 20 ವರ್ಷದವರಲ್ಲೇ ನೂರಕ್ಕೆ 37 ಜನರಿಗೆ ಡಿಸ್ಕ್ ಸವೆದಿತ್ತು. 80 ವರ್ಷದವರಲ್ಲಿ ನೂರಕ್ಕೆ 96. ಇದನ್ನು ವಿಮೆ ಕಂಪನಿಗಳ ಪರವಾದ ಸಾಕ್ಷಿ ಅಂತ ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಸವೆತ ಇದ್ದೂ ಇಷ್ಟು ಜನ ನೋವಿಲ್ಲದೆ ಓಡಾಡಿಕೊಂಡಿದ್ದಾರೆ ಅಂದರೆ, ಬರೀ ಸವೆತವನ್ನು ತೋರಿಸಿ ನೋವಿಗೆ ಕಾರಣ ಸಿಕ್ಕಿತು ಅನ್ನುವ ಹಾಗಿಲ್ಲ. ನಿನ್ನೆವರೆಗೆ ಸವೆತ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದ ಮನುಷ್ಯ ಇವತ್ತು ಯಾಕೆ ಏಳಲಾರ? ನಡುವೆ ಏನಾಯಿತು? ಅದನ್ನು ಹೇಳಬೇಕಾದವರು ಎರಡೂ ಕಡೆಯವರು.

ಮೊದಲೇ ಇದ್ದ ತೊಂದರೆಯನ್ನು ಕೆಲಸ ಕೆಣಕಿದರೆ, ಜೋರು ಮಾಡಿದರೆ, ಅದಕ್ಕೂ ಪರಿಹಾರ ಉಂಟು ಅನ್ನುವುದು ಅನೇಕ ದೇಶಗಳ ಕಾನೂನು. ಕಾರ್ಮಿಕರು ಹೇಗಿದ್ದಾರೋ ಹಾಗೇ ಮಾಲೀಕರು ಅವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಗಟ್ಟಿ ಬೆನ್ನಿನವರಿಗೆ ಮಾತ್ರ ರಕ್ಷಣೆ ಅಂತ ಎಲ್ಲೂ ಬರೆದಿಲ್ಲ. ಕೆಲವು ಕಡೆ ಇಷ್ಟು ಪಾಲು ಕೆಲಸದ್ದು, ಇಷ್ಟು ಪಾಲು ಹಳೆಯದು ಅಂತ ಹಂಚಿ, ಅಷ್ಟಕ್ಕೆ ಮಾತ್ರ ಹಣ ಕೊಡುತ್ತಾರೆ.

ಈ ಪಾಲಿನ ಮಾತು ಅತ್ಯಂತ ಕಠಿಣವಾಗಿ ಬರುವುದು ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ. "ನೀವು ಸೇದುತ್ತಿದ್ದಿರಿ" ಅಂದರೆ ಮಾತು ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯಬಾರದು. ಅಮೆರಿಕದ ಕಲ್ನಾರು (ಆಸ್‌ಬೆಸ್ಟಾಸ್) ಕಾರ್ಮಿಕರ ಮೇಲಿನ 1979ರ ಪ್ರಸಿದ್ಧ ಅಧ್ಯಯನದಲ್ಲಿ, ಎರಡರ ಸೋಂಕೂ ಇಲ್ಲದವರಿಗೆ ಹೋಲಿಸಿದರೆ, ಕಲ್ನಾರು ಮಾತ್ರ ತಗುಲಿದವರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಸುಮಾರು 5 ಪಟ್ಟು ಇತ್ತು. ಸಿಗರೇಟು ಮಾತ್ರ ಸೇದಿದವರಿಗೆ ಸುಮಾರು 11 ಪಟ್ಟು. ಎರಡೂ ಸೇರಿದವರಿಗೆ 50 ಪಟ್ಟಿಗೂ ಮೇಲೆ. ಆಮೇಲಿನ ಅಧ್ಯಯನಗಳಲ್ಲಿ ಸಂಖ್ಯೆಗಳು ಹೆಚ್ಚುಕಡಿಮೆ ಆಗಿವೆ, ಆದರೆ ಎರಡೂ ಸೇರಿದರೆ ಅಪಾಯ ಏರುತ್ತದೆ ಅನ್ನುವುದು ಬದಲಾಗಿಲ್ಲ. ಸಿಗರೇಟು ಕಲ್ನಾರಿನ ತಪ್ಪನ್ನು ತೊಳೆದುಹಾಕುವುದಿಲ್ಲ. ಆ ಕೆಲಸ ಇಲ್ಲದಿದ್ದರೆ ಆ 50, ಸುಮಾರು 11ರಲ್ಲೇ ನಿಲ್ಲುತ್ತಿತ್ತು.

ಪ್ರತಿಯೊಬ್ಬ ಕಾರ್ಮಿಕರೂ ಹೀಗೆ ಒಂದೊಂದಾಗಿ ಯುದ್ಧ ಮಾಡುವುದು ಆಗದ ಮಾತು ಅಂತ ಕಾನೂನು ಬರೆಯುವವರಿಗೂ ಬೇಗನೆ ಅರ್ಥವಾಗಿತ್ತು. ಅದಕ್ಕೇ ಪಟ್ಟಿಗಳು ಬಂದವು. ಬ್ರಿಟನ್ 1906ರಲ್ಲಿ ಆರು ಕಾಯಿಲೆಗಳನ್ನು ಪರಿಹಾರದ ಕಾನೂನಿಗೆ ಸೇರಿಸಿತು. ಸೀಸದ ವಿಷ, ಪಾದರಸದ ವಿಷ, ಆಂಥ್ರಾಕ್ಸ್ ಅವುಗಳಲ್ಲಿದ್ದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1925ರ ಒಪ್ಪಂದದಲ್ಲಿ ಇದ್ದದ್ದು ಈ ಮೂರೇ. 1934ರಲ್ಲಿ ಅದು ಹತ್ತಾಯಿತು. 2010ರ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳೂ ಬಂದವು. ಪಟ್ಟಿಯಲ್ಲಿ ಇಲ್ಲದ ಕಾಯಿಲೆಗೂ ಕೆಲಸದ ಜೊತೆ ನೇರ ನಂಟು ತೋರಿಸಿದರೆ ಜಾಗ ಕೊಡಬೇಕು ಅಂತ ಅದರಲ್ಲಿ ಒಂದು ಬಾಗಿಲನ್ನೂ ತೆರೆದಿಟ್ಟರು. ಭಾರತದ 1923ರ ಕಾನೂನು ಕೂಡ ಮೂರನೇ ಅನುಸೂಚಿಯಲ್ಲಿ ಕೆಲಸ ಮತ್ತು ಕಾಯಿಲೆಗಳನ್ನು ಜೋಡಿ ಜೋಡಿಯಾಗಿ ಇಟ್ಟಿತು. ಕೆಲವು ಜೋಡಿಗಳಿಗೆ ಆ ಕೆಲಸದಲ್ಲಿ ಸತತ ಆರು ತಿಂಗಳು ಇದ್ದಿರಬೇಕು ಅಂದಿತು.

ಪಟ್ಟಿಯ ಶಕ್ತಿ ಇರುವುದು ಹೊಣೆಯನ್ನು ಆಚೆ ದಾಟಿಸುವುದರಲ್ಲಿ. ಈ ಕೆಲಸ ಇಷ್ಟು ಕಾಲ ಮಾಡಿದ್ದೀರಿ, ಈ ಕಾಯಿಲೆ ಬಂದಿದೆ, ಹಾಗಾದರೆ ಕೆಲಸದಿಂದಲೇ ಬಂತು ಅಂತ ಕಾನೂನು ಭಾವಿಸಿಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಕಷ್ಟ ಈಗ ಮಾಲೀಕರದ್ದು. ಅಗ್ನಿಶಾಮಕ ಸಿಬ್ಬಂದಿಗೆ ಬರುವ ಕೆಲವು ಕ್ಯಾನ್ಸರ್‌ಗಳಿಗೆ ಅಮೆರಿಕದ ಹಲವು ರಾಜ್ಯಗಳು, ಕೆನಡಾದ ಪ್ರಾಂತ್ಯಗಳು ಇಂಥ ಕಾನೂನು ಮಾಡಿವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಬೆಂಕಿ ಆರಿಸುವ ಉದ್ಯೋಗವನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿಗೆ ಸೇರಿಸಿತು. ಕೋವಿಡ್ ಬಂದಾಗ ಆಸ್ಪತ್ರೆ ಸಿಬ್ಬಂದಿಗೂ ಕೆಲವು ಕಡೆ ಇದೇ ಅನುಕೂಲ ಸಿಕ್ಕಿತು. ನನಗೆ ಕೇಳಿದರೆ ಇದೇ ಸರಿಯಾದ ದಾರಿ. ಗಾಳಿಯಲ್ಲಿ ಎಷ್ಟು ಧೂಳಿತ್ತು ಅಂತ ಅಳೆಯುವ ಯಂತ್ರ ಯಾರ ಹತ್ತಿರ ಇತ್ತೋ, ಅಳೆಯುವ ಹೊಣೆ ಯಾರದಾಗಿತ್ತೋ, ಸಾಬೀತಿನ ಭಾರವೂ ಅವರ ಮೇಲೇ ಬೀಳಬೇಕು.

ಜಪಾನ್ ಅತಿಯಾದ ದುಡಿತದ ಸಾವಿಗೂ ಇಂಥದ್ದೊಂದು ಅಳತೆಗೋಲು ಮಾಡಿಕೊಂಡಿದೆ. ಅಲ್ಲಿ ಅದನ್ನು ಕರೋಶಿ ಅನ್ನುತ್ತಾರೆ. ಹೃದಯಾಘಾತ ಅಥವಾ ಮೆದುಳಿನ ಸ್ಟ್ರೋಕ್ ಆಗುವ ಮುಂಚಿನ ಒಂದು ತಿಂಗಳಲ್ಲಿ ಸುಮಾರು 100 ಗಂಟೆ ಓವರ್‌ಟೈಮ್, ಇಲ್ಲವೇ ಎರಡರಿಂದ ಆರು ತಿಂಗಳ ಸರಾಸರಿ ತಿಂಗಳಿಗೆ 80 ಗಂಟೆ ದಾಟಿದ್ದರೆ ಕೆಲಸಕ್ಕೂ ಸಾವಿಗೂ ನಂಟು ಬಲವಾಗಿದೆ ಅಂತ 2001ರಲ್ಲಿ ನಿಗದಿ ಮಾಡಿದರು. 2021ರಲ್ಲಿ ಅದನ್ನು ತಿದ್ದಿದರು. ಗಂಟೆಗಳು ಅಷ್ಟು ಮುಟ್ಟದಿದ್ದರೂ ಹತ್ತಿರ ಇದ್ದು, ಪಾಳಿಯ ಏರುಪೇರು, ವಿಶ್ರಾಂತಿ ಇಲ್ಲದಿರುವುದು ಮುಂತಾದ ಹೊರೆ ಇದ್ದರೆ ಅದನ್ನೂ ಸೇರಿಸಿ ನೋಡಬೇಕು ಅಂದರು. ಹಾಗಾಗಿ ಅಲ್ಲಿ ಕುಟುಂಬದವರು ಮೊದಲು ಹುಡುಕುವುದು ಹಾಜರಿಯ ದಾಖಲೆ. ಅದು ಸಿಗದಿದ್ದರೆ ಕಂಪ್ಯೂಟರ್ ಆನ್ ಆದ ಹೊತ್ತು, ರಾತ್ರಿ ಕಳಿಸಿದ ಮೇಲ್‌ಗಳ ಸಮಯ.

ಸಮಯ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಕಲ್ನಾರಿನಿಂದ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ. ಮಾಲೀಕರು ಇರುವುದಿಲ್ಲ. ಮೂರು ಕಡೆ ಕೆಲಸ ಮಾಡಿದ್ದರೆ ಯಾವ ಕಡೆಯ ಕಲ್ನಾರಿನ ಎಳೆ ಎದೆಯೊಳಗೆ ಹೋಗಿ ಕೂತಿತು ಅಂತ ಯಾರೂ ಹೇಳಲಾರರು. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ 2002ರಲ್ಲಿ ಇದೇ ಪ್ರಶ್ನೆ ಬಂತು. ಅದು ನಷ್ಟಭರ್ತಿಯ ದಾವೆ, ವಿಮೆಯ ಪರಿಹಾರ ಅಲ್ಲ, ಆದರೂ ತರ್ಕ ಎರಡಕ್ಕೂ ಮುಖ್ಯ. ಯಾರ ಎಳೆ ಅಂತ ತೋರಿಸಲಾಗದು ಅನ್ನುವ ಕಾರಣಕ್ಕೆ ಎಲ್ಲ ಮಾಲೀಕರೂ ಪಾರಾಗಬಾರದು, ಅಪಾಯವನ್ನು ಗಣನೀಯವಾಗಿ ಹೆಚ್ಚಿಸಿದವರನ್ನೆಲ್ಲ ಹೊಣೆ ಮಾಡಬಹುದು ಅಂತ ತೀರ್ಪು ಬಂತು. ಕಾರಣದ ಹಳೇ ನಿಯಮವನ್ನು ನ್ಯಾಯಕ್ಕೋಸ್ಕರ ಒಂದಿಷ್ಟು ಬಗ್ಗಿಸಿದ ಆ ತೀರ್ಪನ್ನು ನಾನು ಗೌರವದಿಂದ ನೆನೆಯುತ್ತೇನೆ.

ಅರ್ಜಿಯ ಗಡುವು ಯಾವಾಗ ಶುರು ಅನ್ನುವುದನ್ನೂ ಇಲ್ಲೇ ಹೇಳಬೇಕು. ಹಲವು ಕಾನೂನುಗಳಲ್ಲಿ ಗಡಿಯಾರ ಓಡಲು ಶುರುವಾಗುವುದು ಧೂಳು ಕುಡಿದ ದಿನದಿಂದ ಅಲ್ಲ, ಕಾಯಿಲೆ ಇದೆ ಮತ್ತು ಅದು ಕೆಲಸಕ್ಕೆ ಸಂಬಂಧಪಟ್ಟದ್ದು ಅಂತ ಗೊತ್ತಾದ ದಿನದಿಂದ. ಆ ದಿನ ಡಾಕ್ಟರು ಬಾಯಲ್ಲಿ ಹೇಳಿದ ದಿನವೂ ಆಗಬಹುದು. ಗೊತ್ತಾದ ಕೂಡಲೇ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಸೂಪರ್‌ವೈಸರ್‌ಗೆ ಬಾಯಿಮಾತಲ್ಲಿ ಹೇಳಿದ್ದೆ ಅನ್ನುವುದು ಆಮೇಲೆ ನಿಲ್ಲುವುದಿಲ್ಲ.

ಮಾಲೀಕರ ಕಪಾಟಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಅಮೆರಿಕದ ನಿಯಮದ ಪ್ರಕಾರ ಕಾರ್ಮಿಕರಿಗೆ ಏನು, ಎಷ್ಟು ತಗುಲಿತು ಅನ್ನುವ ಅಳತೆಯ ದಾಖಲೆಗಳನ್ನು 30 ವರ್ಷ ಇಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಕ್ಯಾನ್ಸರ್ ತರುವ ವಸ್ತುಗಳ ವಿಷಯದಲ್ಲಿ ಅದು 40 ವರ್ಷ. ಇಂಥ ದಾಖಲೆ ಕೇಳಿ ಪಡೆಯುವ ಹಕ್ಕು ಕಾರ್ಮಿಕರಿಗೆ ಇದೆ. ಕೇಳುವವರು ಕಡಿಮೆ, ಅದರಲ್ಲೂ ಮೈ ಚೆನ್ನಾಗಿರುವಾಗ ಕೇಳುವವರು ಇನ್ನೂ ಕಡಿಮೆ. ಕೆಲಸ ಬಿಡುವ ದಿನ ಬಾಕಿ ಸಂಬಳ, ಅನುಭವ ಪತ್ರ ಅಂತ ಹೇಗೂ ಕಚೇರಿಯ ಮುಂದೆ ನಿಂತಿರುತ್ತೇವೆ. ಅದೇ ಹೊತ್ತಿಗೆ ಕಿವಿ ಪರೀಕ್ಷೆಯ ಕಾಗದ, ಎದೆಯ ಎಕ್ಸ್‌ರೇ, ಧೂಳು ಅಳೆದ ಪಟ್ಟಿ, ಬಳಸಿದ ರಾಸಾಯನಿಕಗಳ ಹೆಸರು, ಇವುಗಳ ಪ್ರತಿಯನ್ನೂ ಕೇಳಿ. ಪಕ್ಕದ ಯಂತ್ರದಲ್ಲಿ ನಿಂತು ದುಡಿದ ಇಬ್ಬರು ಮೂವರ ಹೆಸರು, ವಿಳಾಸ, ಫೋನ್ ನಂಬರನ್ನು ಅದರ ಹಿಂದೆಯೇ ಬರೆದಿಟ್ಟುಕೊಳ್ಳಿ.